ತುಡುವೆಯೋ ಮೆಲ್ಲಿಫೆರಾವೋ? ಕೊಡಗಿನ ಜೇನಿನ ಪ್ರೋಟೀನನ್ನು ಮಾಸ್ ಸ್ಪೆಕ್‌ನಲ್ಲಿ ಗುರುತಿಸುವುದು ಹೇಗೆ

ಮಡಿಕೇರಿಯಿಂದ ಭಾಗಮಂಡಲದವರೆಗೆ ರಸ್ತೆ ಬದಿಯ ಅಂಗಡಿಗಳಲ್ಲಿ ‘ಕೊಡಗಿನ ಜೇನು’ ಎಂದು ಚೀಟಿ ಅಂಟಿಸಿದ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಒಳಗಿರುವುದು ನಮ್ಮ ನಾಡಿನ ತುಡುವೆ ಹುಳುವಿನ (ಏಪಿಸ್ ಸೆರಾನಾ) ಜೇನೋ, ಬಯಲುಸೀಮೆಯಲ್ಲಿ ಸಾಕುವ ಹೊರನಾಡಿನ ಹುಳು ಮೆಲ್ಲಿಫೆರಾದ (ಏಪಿಸ್ ಮೆಲ್ಲಿಫೆರಾ) ಪೆಟ್ಟಿಗೆಯಿಂದ ಬಂದದ್ದೋ, ಎರಡೂ ಬೆರೆತದ್ದೋ ಎಂದು ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಹೇಳುತ್ತೇನೆ ಎನ್ನುವವರು ಬೇಕಾದಷ್ಟು ಜನ ಇದ್ದಾರೆ, ಅದು ಬೇರೆ ಮಾತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ, ಮರಿಹುಳುಗಳನ್ನು ಕೊಲ್ಲುವ ವೈರಸ್ ರೋಗ ಬಂದು ದಕ್ಷಿಣ ಭಾರತದಲ್ಲಿ ತುಡುವೆ ಕುಟುಂಬಗಳು ಗುಂಪು ಗುಂಪಾಗಿ ನಾಶವಾದ ಮೇಲೆ ಈ ಪ್ರಶ್ನೆಗೆ ಬೆಲೆ ಜಾಸ್ತಿಯಾಗಿದೆ.

ಜೇನಿನಲ್ಲಿ ಪ್ರೋಟೀನ್ ಇದೆ. ತುಂಬಾ ಕಡಿಮೆ, ಸಾಮಾನ್ಯವಾಗಿ ಶೇಕಡ ಅರ್ಧಕ್ಕಿಂತಲೂ ಕಡಿಮೆ. ಆದರೆ ಅದರಲ್ಲಿ ಬಹುಪಾಲು ಹುಳುವಿನ ಗ್ರಂಥಿಯಿಂದಲೇ ಬಂದದ್ದು, ಹೂವಿನಿಂದಲ್ಲ. ಹುಳುವಿನ ಜಾತಿ ಬೇರೆಯಾದರೆ ಆ ಪ್ರೋಟೀನಿನ ಅಮೈನೋ ಆಮ್ಲಗಳ ಸಾಲೂ ಅಲ್ಲಲ್ಲಿ ಬೇರೆಯಾಗುತ್ತದೆ. ಆ ವ್ಯತ್ಯಾಸವನ್ನು ಹಿಡಿಯಲು ಮಾಸ್ ಸ್ಪೆಕ್ಟ್ರೋಮೀಟರ್ (ಚಿಕ್ಕದಾಗಿ ಮಾಸ್ ಸ್ಪೆಕ್), ಅಂದರೆ ಅಣುಗಳ ತೂಕ ಅಳೆಯುವ ಯಂತ್ರ ಬೇಕು. ಎಂಎಸ್ಸಿ ಪ್ರಾಜೆಕ್ಟ್ ಮಾಡುವವರಿಗೆ, ಪೊನ್ನಂಪೇಟೆ ಅರಣ್ಯ ಕಾಲೇಜಿನ ಕಡೆ ಜೇನಿನ ಕೆಲಸ ಮಾಡುವವರಿಗೆ, ಅಥವಾ ಸುಮ್ನೆ ಕುತೂಹಲ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ತಲೆಗೆ ಹಾಕಿಕೊಳ್ಳಿ. ಈ ಯಂತ್ರ ಪ್ರೋಟೀನಿನ ಹೆಸರು ಹೇಳುವುದಿಲ್ಲ. ಅದು ತೂಕ ಹೇಳುತ್ತದೆ, ಅಷ್ಟೇ. ಹೆಸರು ಬರುವುದು ನೀವು ಕೊಟ್ಟ ಪಟ್ಟಿಯಿಂದ. ಯಂತ್ರಕ್ಕಿಂತ ಮೊದಲು ನೀವು ಸ್ಯಾಂಪಲ್ ಹೇಗೆ ತಯಾರು ಮಾಡಿದಿರಿ, ಯಂತ್ರದ ನಂತರ ಯಾವ ಪಟ್ಟಿಯ ಜೊತೆ ತಾಳೆ ನೋಡಿದಿರಿ, ಇವೆರಡೇ ಫಲಿತಾಂಶವನ್ನು ತೀರ್ಮಾನ ಮಾಡುತ್ತವೆ. ಜನ ಕೋಟಿ ಬೆಲೆಯ ಯಂತ್ರದ ಬಗ್ಗೆಯೇ ಮಾತಾಡುತ್ತಾರೆ, ಕೆಲಸ ಕೆಡುವುದು ಮಾತ್ರ ಇನ್ನೂರು ಮೈಕ್ರೋಲೀಟರಿನ ಟ್ಯೂಬಿನಲ್ಲಿ.

ಮೊದಲು ಫೋನ್ ಮಾಡಿ

ಕೊಡಗಿನಲ್ಲಿ ಕೂತು ಪೂರ್ತಿ ಕೆಲಸ ಮುಗಿಯುವುದಿಲ್ಲ, ಮೈಸೂರು ಅಥವಾ ಬೆಂಗಳೂರಿಗೆ ಹೋಗಲೇಬೇಕು. ಮೈಸೂರಿನಲ್ಲಿ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಬೆಂಗಳೂರಿನಲ್ಲಿ ಸಿ-ಕ್ಯಾಂಪ್, ಐಐಎಸ್ಸಿ ಇವೆ. ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಕೂಡ ಅಲ್ಲೇ ಇದೆ. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮನುಷ್ಯನ ಪ್ರೋಟೀನುಗಳ ಕರಡು ನಕ್ಷೆ ಬಂತಲ್ಲ, 17,294 ಜೀನುಗಳ ಪ್ರೋಟೀನ್ ಗುರುತಿಸಿದ್ದು, ಆ ಕೆಲಸದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಜೊತೆ ಮುಖ್ಯವಾಗಿ ಇದ್ದದ್ದು ಈ ಸಂಸ್ಥೆಯೇ. ಅಂದರೆ ಈ ವಿದ್ಯೆ ನಮಗೇನೂ ದೂರದ್ದಲ್ಲ.

ಸ್ಯಾಂಪಲ್ ಮುಟ್ಟುವ ಮೊದಲೇ ಅಲ್ಲಿನ ಆಪರೇಟರ್ ಜೊತೆ ಮಾತಾಡಿ. ಯಾವ ಯಂತ್ರ, ಪೆಪ್ಟೈಡ್ (ಪ್ರೋಟೀನನ್ನು ಕತ್ತರಿಸಿದ ಚೂರು) ಯಾವ ರೂಪದಲ್ಲಿ ಬೇಕು, ಒಂದು ಸ್ಯಾಂಪಲ್ ಎಷ್ಟು ಹೊತ್ತು ಓಡಿಸುತ್ತಾರೆ, ಎರಡು ಸ್ಯಾಂಪಲ್ ನಡುವೆ ಖಾಲಿ ರನ್ ಹಾಕುತ್ತಾರಾ, ಎಲ್ಲ ಕೇಳಿ. ಮುಖ್ಯವಾಗಿ ರಾ ಫೈಲ್ (ಯಂತ್ರ ಬರೆದ ಮೂಲ ಡೇಟಾ) ಕೊಡುತ್ತೀರಾ ಎಂದು ಕೇಳಿ. ಬರೀ ಎಕ್ಸೆಲ್ ಶೀಟ್ ಕೊಟ್ಟು ಕೈತೊಳೆದುಕೊಂಡರೆ ಮುಂದೆ ನೀವು ಏನನ್ನೂ ಮತ್ತೆ ಪರೀಕ್ಷೆ ಮಾಡಲು ಆಗುವುದಿಲ್ಲ.

ಜೇನು ತರುವುದು

ಅಂಗಡಿ ಬಾಟಲಿಯಿಂದ ಶುರು ಮಾಡಬೇಡಿ. ಮೊದಲು ಅನುಮಾನವೇ ಇಲ್ಲದ ಜೇನು ಬೇಕು. ಪರಿಚಯದ ಜೇನು ಸಾಕಣೆದಾರರ ತೋಟಕ್ಕೆ ಹೋಗಿ, ಕಣ್ಣೆದುರೇ ತುಡುವೆ ಪೆಟ್ಟಿಗೆಯಿಂದ ತೆಗೆಸಿಕೊಳ್ಳಿ. ಕಾಫಿ ಹೂ ಮುಗಿದ ಮೇಲೆ, ಏಪ್ರಿಲ್–ಮೇ ಹೊತ್ತಿಗೆ ಹೋದರೆ ಸುಲಭ. ಕನಿಷ್ಠ ಮೂರು ಬೇರೆ ಬೇರೆ ಪೆಟ್ಟಿಗೆ ಇರಲಿ. ಒಂದೇ ಪೆಟ್ಟಿಗೆಯ ಜೇನನ್ನು ಮೂರು ಟ್ಯೂಬಿಗೆ ಹಾಕಿ ಮೂರು ಸ್ಯಾಂಪಲ್ ಎನ್ನಬೇಡಿ, ಯಾರೂ ಒಪ್ಪುವುದಿಲ್ಲ. ಅದೇ ರೀತಿ ಖಾತ್ರಿ ಇರುವ ಮೆಲ್ಲಿಫೆರಾ ಜೇನೂ ಬೇಕು. ಸಿಕ್ಕಿದರೆ ಹೆಜ್ಜೇನೂ ಇರಲಿ, ಯಾಕೆಂದರೆ ಮಾರುಕಟ್ಟೆಯಲ್ಲಿ ಅದೂ ಬೆರೆಯುತ್ತದೆ.

ತಲಾ 10 ಗ್ರಾಂ ಧಾರಾಳವಾಗಿ ಸಾಕು, ಆದರೂ 50 ಗ್ರಾಂ ಇಟ್ಟುಕೊಳ್ಳಿ. ಬಿಸಿ ಮಾಡದ ಜೇನೇ ಬೇಕು ಎಂದು ಮೊದಲೇ ಹೇಳಿಬಿಡಿ. ನಮ್ಮ ತುಡುವೆ ಜೇನು ತೆಳುವಾಗಿರುತ್ತದೆ, ಹುಳಿ ಬರಬಾರದು ಎಂದು ಕೆಲವರು ಕಾಯಿಸಿ ಇಡುತ್ತಾರೆ. ಕಾಯಿಸಿದರೆ ಪ್ರೋಟೀನ್ ಗಂಟು ಕಟ್ಟುತ್ತದೆ, ಸಕ್ಕರೆ ಅದಕ್ಕೆ ಅಂಟಿಕೊಳ್ಳುತ್ತದೆ, ತೂಕ ಬದಲಾಗುತ್ತದೆ.

ಸಕ್ಕರೆಯಿಂದ ಪ್ರೋಟೀನ್ ಬಿಡಿಸುವುದು

ಜೇನಿನಲ್ಲಿ ಸುಮಾರು ಶೇಕಡ 80 ಸಕ್ಕರೆ. ಅದನ್ನು ಹಾಗೇ ಯಂತ್ರಕ್ಕೆ ಬಿಟ್ಟರೆ ಆಪರೇಟರ್ ನಿಮ್ಮ ಫೋನನ್ನೇ ಮತ್ತೆ ಎತ್ತುವುದಿಲ್ಲ. ಜೇನಿಗೆ ಅದರಷ್ಟೇ ತಣ್ಣನೆಯ ನೀರು ಅಥವಾ ಬಫರ್ (ಪಿಎಚ್ ಏರುಪೇರಾಗದ ದ್ರಾವಣ) ಸೇರಿಸಿ, ಚೆನ್ನಾಗಿ ಕರಗಿಸಿ, ಸೆಂಟ್ರಿಫ್ಯೂಜ್ ಮಾಡಿ. ಪರಾಗ ತಳಕ್ಕೆ ಇಳಿಯುತ್ತದೆ, ಮೇಣ ಮೇಲೆ ತೇಲುತ್ತದೆ, ನಮಗೆ ಬೇಕಾದ್ದು ನಡುವಿನ ತಿಳಿ. ಪರಾಗವನ್ನು ಎಸೆಯಬೇಡಿ, ಫ್ರಿಜ್‌ನಲ್ಲಿಡಿ, ಆಮೇಲೆ ಕೆಲಸಕ್ಕೆ ಬರುತ್ತದೆ.

ತಿಳಿಯನ್ನು 10 ಕಿಲೋಡಾಲ್ಟನ್ (ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ) ಫಿಲ್ಟರ್ ಇರುವ ಸ್ಪಿನ್ ಟ್ಯೂಬಿಗೆ ಹಾಕಿ ತಿರುಗಿಸಿ. ಸಕ್ಕರೆ ಕೆಳಗೆ ಇಳಿದುಹೋಗುತ್ತದೆ, ಪ್ರೋಟೀನ್ ಮೇಲೆ ಉಳಿಯುತ್ತದೆ. ಮತ್ತೆ ಬಫರ್ ಹಾಕಿ ತಿರುಗಿಸಿ, ಮತ್ತೆ ಹಾಕಿ. ಜೇನು ದಪ್ಪ ಇದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಆಗ ವೇಗ ಹೆಚ್ಚಿಸಬೇಡಿ, ಜೇನನ್ನು ಇನ್ನೂ ತೆಳು ಮಾಡಿ. ಫಿಲ್ಟರ್ ದುಬಾರಿ ಅನಿಸಿದರೆ ಡಯಾಲಿಸಿಸ್ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿ ರಾತ್ರಿಯಿಡೀ ಬಿಡಬಹುದು. ಕೊನೆಗೆ ಬ್ರಾಡ್‌ಫೋರ್ಡ್ ಪರೀಕ್ಷೆ ಮಾಡಿ ಪ್ರೋಟೀನ್ ಎಷ್ಟಿದೆ ನೋಡಿ. 50 ಮೈಕ್ರೋಗ್ರಾಂ ಸಿಕ್ಕಿದರೆ ಆರಾಮ, ಯಂತ್ರಕ್ಕೆ ಒಂದು ಸಲಕ್ಕೆ ಒಂದು ಮೈಕ್ರೋಗ್ರಾಂ ಸಾಕು.

ಟ್ಯೂಬುಗಳ ಮೇಲೆ ಹೆಸರು ಬರೆಯುವಾಗ ಎಚ್ಚರ. ಮಾರ್ಕರ್ ಶಾಯಿ ಸ್ಪಿರಿಟ್ ತಾಗಿದರೆ ಹೋಗುತ್ತದೆ. ಮುಚ್ಚಳದ ಮೇಲೂ ಬದಿಯಲ್ಲೂ ಬರೆದು, ಅದೇ ನಂಬರನ್ನು ನೋಟ್‌ಬುಕ್ಕಿನಲ್ಲೂ ಬರೆಯಿರಿ.

ಸ್ವೆಟರ್ ತೆಗೆದಿಡಿ

ಇದನ್ನು ಕೊಡಗಿನವರಿಗೆ ಪ್ರತ್ಯೇಕವಾಗಿ ಹೇಳಬೇಕು. ಮಾಸ್ ಸ್ಪೆಕ್ ಕೆಲಸದ ದೊಡ್ಡ ಶತ್ರು ಕೆರಾಟಿನ್ ಎಂಬ ಪ್ರೋಟೀನ್. ನಮ್ಮ ಚರ್ಮ, ಕೂದಲು, ಉಗುರು ಎಲ್ಲ ಅದೇ. ಉಣ್ಣೆಯೂ ಅದೇ. ಜೂನ್ ಬಂತೆಂದರೆ ಸೆಪ್ಟೆಂಬರ್‌ವರೆಗೆ ನಾವು ಸ್ವೆಟರ್, ಮಫ್ಲರ್ ಬಿಟ್ಟು ಇರುವುದಿಲ್ಲ, ಲ್ಯಾಬ್‌ನಲ್ಲೂ ಅದನ್ನೇ ಹಾಕಿಕೊಂಡು ಪಿಪೆಟ್ ಹಿಡಿಯುತ್ತೇವೆ. ತೋಳಿನಿಂದ ಉದುರಿದ ಕಣ್ಣಿಗೆ ಕಾಣದ ಒಂದು ಎಳೆ ಸಾಕು, ಫಲಿತಾಂಶದ ಪಟ್ಟಿಯ ಮೇಲಿನ ಸಾಲುಗಳಲ್ಲಿ ಜೇನುಹುಳುವಿನ ಬದಲು ಕುರಿ ಬಂದು ಕೂರುತ್ತದೆ.

ಹತ್ತಿ ಬಟ್ಟೆಯ ಲ್ಯಾಬ್ ಕೋಟ್ ಹಾಕಿ, ತೋಳಿನ ತುದಿಯನ್ನು ಗ್ಲೌಸ್ ಒಳಗೆ ಸೇರಿಸಿ. ಕೂದಲು ಕಟ್ಟಿ. ನೈಟ್ರೈಲ್ ಗ್ಲೌಸ್ ಬಳಸಿ, ಲ್ಯಾಟೆಕ್ಸ್ ಬೇಡ, ಅದರಲ್ಲೇ ರಬ್ಬರ್ ಮರದ ಪ್ರೋಟೀನ್ ಇರುತ್ತದೆ. ಗ್ಲೌಸ್ ಹಾಕಿದ ಕೈಯಲ್ಲಿ ಮೂಗು ಮುಟ್ಟಬೇಡಿ, ಮೊಬೈಲ್ ಮುಟ್ಟಬೇಡಿ. ಟ್ಯೂಬುಗಳನ್ನು ಸೋಪಿನಲ್ಲಿ ತೊಳೆಯುವ ಅಭ್ಯಾಸ ಇದ್ದರೆ ಬಿಡಿ. ಟ್ರೈಟಾನ್, ಟ್ವೀನ್ ತರಹದ ಡಿಟರ್ಜೆಂಟ್ ಸ್ವಲ್ಪ ಉಳಿದರೂ ಸ್ಪೆಕ್ಟ್ರಮ್‌ನಲ್ಲಿ 44 ಡಾಲ್ಟನ್ ಅಂತರದ ಗೆರೆಗಳು ಸಾಲಾಗಿ ನಿಂತು ಬೇರೆ ಎಲ್ಲವನ್ನೂ ಮುಚ್ಚಿಬಿಡುತ್ತವೆ.

ಜೆಲ್ ಬೇಕಾ?

ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಅಡ್ಡ ಪಟ್ಟಿಗಳಾಗಿ ಬೇರ್ಪಡಿಸುವ ಜೆಲ್ ಬೇಕೇ ಬೇಕು ಎಂದಿಲ್ಲ, ಆದರೆ ಮೊದಲ ಸಲ ಮಾಡುವವರು ಓಡಿಸಿ. ಪ್ರೋಟೀನ್ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಜೇನಿನ ಜೆಲ್‌ನಲ್ಲಿ 55 ಕಿಲೋಡಾಲ್ಟನ್ ಸುತ್ತ ಒಂದು ದಪ್ಪ ಪಟ್ಟಿ ಬರಬೇಕು. ಅದು ರಾಯಲ್ ಜೆಲ್ಲಿಯ ಮುಖ್ಯ ಪ್ರೋಟೀನ್, ಎಂಆರ್‌ಜೆಪಿ ಎನ್ನುತ್ತಾರೆ. ರಾಣಿಹುಳುವಿನ ಆಹಾರದಲ್ಲಿ ಇರುವ ಪ್ರೋಟೀನ್ ಕುಟುಂಬವೇ ಜೇನಿಗೂ ಸೇರುತ್ತದೆ. ಕೂಮಾಸಿ ಬಣ್ಣ ಹಾಕಿ, ಗ್ಲುಟರಾಲ್ಡಿಹೈಡ್ ಇರುವ ಸಿಲ್ವರ್ ಬಣ್ಣ ಬೇಡ.

ಪಟ್ಟಿಯನ್ನು ಹೊಸ ಬ್ಲೇಡಿನಿಂದ, ತೊಳೆದ ಗಾಜಿನ ಮೇಲೆ ಕೊಯ್ಯಿರಿ. ಸುತ್ತಲಿನ ಬಣ್ಣ ಇಲ್ಲದ ಜೆಲ್ ಆದಷ್ಟೂ ಬಿಡಿ. ಆ ತುಂಡನ್ನು ಒಂದು ಮಿಲಿಮೀಟರ್ ಚೌಕಗಳಾಗಿ ಹೆಚ್ಚಬೇಕು. ಇನ್ನೂ ಸಣ್ಣದಾದರೆ ಪಿಪೆಟ್ ತುದಿಗೆ ಸಿಕ್ಕಿಕೊಳ್ಳುತ್ತದೆ, ದೊಡ್ಡದಾದರೆ ಎಂಜೈಮ್ ಒಳಗೆ ಹೋಗುವುದಿಲ್ಲ. ಬಣ್ಣ ಪೂರ್ತಿ ಹೋಗುವವರೆಗೆ ಅಸಿಟೋನೈಟ್ರೈಲ್ ಮತ್ತು ಅಮೋನಿಯಂ ಬೈಕಾರ್ಬನೇಟ್ ಮಿಶ್ರಣದಲ್ಲಿ ತೊಳೆಯಿರಿ. ಬರೀ ಅಸಿಟೋನೈಟ್ರೈಲ್ ಹಾಕಿದಾಗ ಚೂರುಗಳು ಮುದುಡಿ ಬೆಳ್ಳಗೆ ಗಟ್ಟಿಯಾಗುತ್ತವೆ. ಹಾಗಾದರೆ ಸರಿಯಾಗಿದೆ ಎಂದರ್ಥ, ಆಗ ಹಾಕಿದ ಟ್ರಿಪ್ಸಿನ್ (ಪ್ರೋಟೀನ್ ಕತ್ತರಿಸುವ ಎಂಜೈಮ್) ದ್ರಾವಣವನ್ನು ಅವು ಎಳೆದುಕೊಳ್ಳುತ್ತವೆ.

ಟ್ರಿಪ್ಸಿನ್‌ನಲ್ಲಿ ಕತ್ತರಿಸುವುದು

ಇಡೀ ಪ್ರೋಟೀನನ್ನು ತೂಗಿ ಗುರುತಿಸುವುದು ಕಷ್ಟ. ಅದಕ್ಕೆ ತುಂಡು ಮಾಡುತ್ತೇವೆ. ಟ್ರಿಪ್ಸಿನ್ ಎಲ್ಲೆಂದರಲ್ಲಿ ಕತ್ತರಿಸುವುದಿಲ್ಲ. ಲೈಸಿನ್ ಅಥವಾ ಆರ್ಜಿನೈನ್ ಎಂಬ ಅಮೈನೋ ಆಮ್ಲ ಆದ ಮೇಲೆ ಕತ್ತರಿಸುತ್ತದೆ, ಮುಂದೆ ಪ್ರೋಲಿನ್ ಇದ್ದರೆ ಸಾಮಾನ್ಯವಾಗಿ ಬಿಡುತ್ತದೆ. ಈ ಶಿಸ್ತಿನಿಂದಲೇ ಮುಂದಿನ ಲೆಕ್ಕವೆಲ್ಲ ಸಾಧ್ಯ.

50 ಮಿಲಿಮೋಲಾರ್ ಅಮೋನಿಯಂ ಬೈಕಾರ್ಬನೇಟ್‌ನಲ್ಲಿ ಪ್ರೋಟೀನ್ ತೆಗೆದುಕೊಳ್ಳಿ. ಡಿಟಿಟಿ (ಡೈಥಿಯೋಥ್ರೈಟಾಲ್) 10 ಮಿಲಿಮೋಲಾರ್ ಹಾಕಿ 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ, ಗಂಧಕದ ಕೊಂಡಿಗಳು ಬಿಡುತ್ತವೆ. ತಣ್ಣಗಾದ ಮೇಲೆ ಅಯೋಡೋಅಸಿಟಮೈಡ್ ಹಾಕಿ ಕತ್ತಲಲ್ಲಿ ಅರ್ಧ ಗಂಟೆ ಇಡಿ, ಬಿಟ್ಟ ಕೊಂಡಿ ಮತ್ತೆ ಕೂಡುವುದಿಲ್ಲ. ಇದರಿಂದ ಪ್ರತಿ ಸಿಸ್ಟೈನಿನ (ಆ ಕೊಂಡಿ ಕಟ್ಟುವ ಅಮೈನೋ ಆಮ್ಲ) ತೂಕ 57.02 ಡಾಲ್ಟನ್ ಹೆಚ್ಚುತ್ತದೆ, ನೆನಪಿರಲಿ, ಸಾಫ್ಟ್‌ವೇರಿಗೆ ಹೇಳಬೇಕಾಗುತ್ತದೆ. ಆಮೇಲೆ 50 ಮೈಕ್ರೋಗ್ರಾಂ ಪ್ರೋಟೀನಿಗೆ ಒಂದು ಮೈಕ್ರೋಗ್ರಾಂ ಟ್ರಿಪ್ಸಿನ್ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ.

ಇಲ್ಲಿ ನಮ್ಮ ಹವೆಯ ಎರಡು ತೊಂದರೆಗಳಿವೆ. ಪ್ರೋಟೋಕಾಲ್‌ನಲ್ಲಿ ‘ರೂಂ ಟೆಂಪರೇಚರ್’ ಎಂದರೆ 25 ಡಿಗ್ರಿ, ಡಿಸೆಂಬರ್ ಬೆಳಿಗ್ಗೆಯ ಮಡಿಕೇರಿ ರೂಮಲ್ಲ. ಅಯೋಡೋಅಸಿಟಮೈಡ್ ಹಂತವನ್ನೂ ಇನ್‌ಕ್ಯುಬೇಟರ್‌ನಲ್ಲಿ 25ಕ್ಕೆ ಇಟ್ಟೇ ಮಾಡಿ. ಪ್ರೋಟೀನಿನ ಮಡಿಕೆ ಬಿಡಿಸಲು ಯೂರಿಯಾ ಬಳಸುವವರು ಇನ್ನೂ ಹುಷಾರಾಗಿರಬೇಕು, 8 ಮೋಲಾರ್ ಯೂರಿಯಾ ಚಳಿಗೆ ಹರಳುಗಟ್ಟುತ್ತದೆ. ಹರಳು ಕಂಡಿತೆಂದು ಜೋರಾಗಿ ಬಿಸಿ ಮಾಡಿದರೆ ಯೂರಿಯಾ ಒಡೆದು ಪ್ರೋಟೀನಿಗೆ ಅಂಟಿ 43 ಡಾಲ್ಟನ್ ಸೇರಿಸುತ್ತದೆ. ಯೂರಿಯಾ ಇದ್ದರೆ 37 ಡಿಗ್ರಿ ದಾಟಬೇಡಿ, 56ರ ಹಂತ ಅದಕ್ಕಲ್ಲ, ಮತ್ತು ಟ್ರಿಪ್ಸಿನ್ ಹಾಕುವ ಮೊದಲು ಅದನ್ನು ಒಂದು ಮೋಲಾರ್‌ಗಿಂತ ಕೆಳಗೆ ತೆಳು ಮಾಡಿ.

ಎರಡನೆಯದು ಕರೆಂಟ್. ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ಬರುವುದು ಯಾವಾಗಲೋ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ರಾತ್ರಿ ಡೈಜೆಶನ್ ಇಡಬೇಡಿ. ಫ್ರೀಜರ್‌ನಲ್ಲಿ ಕರಗಿ ಹೆಪ್ಪುಗಟ್ಟಿ ಮತ್ತೆ ಕರಗಿದ ಟ್ರಿಪ್ಸಿನ್ನನ್ನು ನಂಬಬೇಡಿ, ಒಂದೊಂದು ಸಲಕ್ಕೆ ಬೇಕಾದಷ್ಟು ಪುಡಿಯ ವಯಲ್‌ಗಳು ಸಿಗುತ್ತವೆ, ಅದನ್ನೇ ತರಿಸಿ.

ಬೆಳಿಗ್ಗೆ ಫಾರ್ಮಿಕ್ ಆಮ್ಲ ಹಾಕಿ ಪಿಎಚ್ 3ಕ್ಕಿಂತ ಕೆಳಗಿಳಿಸಿ, ಟ್ರಿಪ್ಸಿನ್ ನಿಲ್ಲುತ್ತದೆ. ಸಿ18 ಟಿಪ್‌ನಲ್ಲಿ (ಪೆಪ್ಟೈಡ್ ಹಿಡಿದಿಡುವ ವಸ್ತು ತುಂಬಿದ ಪಿಪೆಟ್ ತುದಿ) ಉಪ್ಪು ತೊಳೆದು, ಅಸಿಟೋನೈಟ್ರೈಲ್‌ನಲ್ಲಿ ಪೆಪ್ಟೈಡ್ ಇಳಿಸಿ, ವ್ಯಾಕ್ಯೂಮ್‌ನಲ್ಲಿ ಒಣಗಿಸಿ. ಒಣಗಿದ ಪೆಪ್ಟೈಡ್ ಕಣ್ಣಿಗೆ ಕಾಣುವುದಿಲ್ಲ, ಖಾಲಿ ಟ್ಯೂಬ್ ಎಂದುಕೊಂಡು ಎಸೆಯಬೇಡಿ. ಡ್ರೈ ಐಸ್‌ಗೆ ಪರದಾಡುವ ಅಗತ್ಯವೂ ಇಲ್ಲ. ಒಣಗಿಸಿದ್ದನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಜೆಲ್ ಪ್ಯಾಕ್ ಜೊತೆ ಇಟ್ಟು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ಯಬಹುದು. ಜೊತೆಗೆ ಜೇನೇ ಹಾಕದ ಖಾಲಿ ಬಫರನ್ನೂ ಎಲ್ಲ ಹಂತ ದಾಟಿಸಿ ಒಂದು ಟ್ಯೂಬಿನಲ್ಲಿ ಒಯ್ಯಿರಿ. ಅದರಲ್ಲಿ ಕಂಡದ್ದೆಲ್ಲ ನಿಮ್ಮ ಲ್ಯಾಬಿನ ಕಸ.

ಯಂತ್ರದ ಒಳಗೆ

ಪೆಪ್ಟೈಡ್‌ಗಳು ಮೊದಲು ಕೂದಲೆಳೆಯಷ್ಟು ಸಪೂರ ಕಾಲಂನಲ್ಲಿ ಒಂದೊಂದಾಗಿ ಬೇರ್ಪಡುತ್ತವೆ, ಗಂಟೆ–ಒಂದೂವರೆ ಗಂಟೆ ಹಿಡಿಯುತ್ತದೆ. ಕಾಲಂ ತುದಿಯ ಸೂಜಿಗೆ ಸಾವಿರಾರು ವೋಲ್ಟ್ ಕೊಟ್ಟಾಗ ದ್ರವ ತುಂತುರಾಗಿ ಹಾರಿ, ಹನಿ ಆರಿ, ಪೆಪ್ಟೈಡ್ ವಿದ್ಯುದಂಶ ಹೊತ್ತುಕೊಂಡು ಗಾಳಿಗೆ ಬರುತ್ತದೆ. ಇದು ಎಲೆಕ್ಟ್ರೋಸ್ಪ್ರೇ. ದೊಡ್ಡ ಅಣುವನ್ನು ಒಡೆಯದೆ ಹಾರಿಸುವ ಈ ಕೆಲಸಕ್ಕೆ ಜಾನ್ ಫೆನ್ ಅವರಿಗೂ, ಲೇಸರ್ ದಾರಿಯಲ್ಲಿ ಅದನ್ನೇ ಸಾಧಿಸಿದ ಜಪಾನಿನ ಕೊಯಿಚಿ ತನಾಕಾ ಅವರಿಗೂ 2002ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. 

ಯಂತ್ರ ಅಳೆಯುವುದು ತೂಕವನ್ನು ವಿದ್ಯುದಂಶದಿಂದ ಭಾಗಿಸಿದ ಸಂಖ್ಯೆ. 1000 ಡಾಲ್ಟನ್‌ನ ಪೆಪ್ಟೈಡ್ ಎರಡು ಪ್ರೋಟಾನ್ ಹೊತ್ತರೆ 501ರಲ್ಲಿ ಕಾಣುತ್ತದೆ, ಮೂರು ಹೊತ್ತರೆ 334.3ರಲ್ಲಿ. ಎಷ್ಟು ಹೊತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ? ಅದೇ ಪೆಪ್ಟೈಡಿನ ಒಂದೊಂದು ಡಾಲ್ಟನ್ ಹೆಚ್ಚು ತೂಗುವ ಪ್ರತಿಗಳ, ಅಂದರೆ ಪಕ್ಕದ ಐಸೋಟೋಪ್ ಗೆರೆಗಳ ಅಂತರ ನೋಡಿ. ಅರ್ಧ ಇದ್ದರೆ ಎರಡು, ಮೂರನೇ ಒಂದು ಇದ್ದರೆ ಮೂರು.

ನಂತರ ಯಂತ್ರ ಒಂದು ಪೆಪ್ಟೈಡನ್ನು ಆರಿಸಿ, ಅನಿಲಕ್ಕೆ ಡಿಕ್ಕಿ ಹೊಡೆಸಿ ಒಡೆಯುತ್ತದೆ. ಒಡೆದ ಚೂರುಗಳ ತೂಕವನ್ನು ಒಂದು ಸಲವಾದರೂ ಕೈಯಾರೆ ಓದಿ ನೋಡಿ. ಉದಾಹರಣೆಗೆ ಗೆರೆಗಳು 175.12, 288.20, 359.24, 416.26, 513.31ರಲ್ಲಿ ಇವೆ ಎಂದುಕೊಳ್ಳಿ. 175.12 ಎಂದರೆ ತುದಿಯಲ್ಲಿ ಆರ್ಜಿನೈನ್. ಟ್ರಿಪ್ಸಿನ್ ಕತ್ತರಿಸಿದ್ದಲ್ಲವಾ, ಅದೋ ಲೈಸಿನ್ನೋ ಇರಲೇಬೇಕು, ಲೈಸಿನ್ ಆಗಿದ್ದರೆ 147.11 ಇರುತ್ತಿತ್ತು. ಮುಂದಿನ ಅಂತರ 113.08, ಅದು ಲ್ಯೂಸಿನ್ ಅಥವಾ ಐಸೋಲ್ಯೂಸಿನ್. ಆಮೇಲೆ 71.04, ಅಲನೈನ್. 57.02, ಗ್ಲೈಸಿನ್. 97.05, ಪ್ರೋಲಿನ್. ಹಿಂದಿನಿಂದ ಮುಂದಕ್ಕೆ ಓದಿದ್ದೀರಿ, ಅಷ್ಟೇ. ಸಾವಿರಾರು ಸ್ಪೆಕ್ಟ್ರಮ್‌ಗಳನ್ನು ಹೀಗೆ ಕೂತು ಓದಲು ಆಗದ್ದರಿಂದ ಸಾಫ್ಟ್‌ವೇರ್ ಬೇಕು.

ಪಟ್ಟಿ ಯಾವುದು?

ಮ್ಯಾಕ್ಸ್‌ಕ್ವಾಂಟ್ ಅಥವಾ ಫ್ರಾಗ್‌ಪೈಪ್ ಎಂಬ ಸಾಫ್ಟ್‌ವೇರ್ ಇಳಿಸಿಕೊಳ್ಳಿ, ಕಾಲೇಜಿನ ಕೆಲಸಕ್ಕೆ ಎರಡೂ ಉಚಿತ. ಯೂನಿಪ್ರಾಟ್ ಅಥವಾ ಎನ್‌ಸಿಬಿಐ ಎಂಬ ಸಾರ್ವಜನಿಕ ಭಂಡಾರದಿಂದ ತುಡುವೆ, ಮೆಲ್ಲಿಫೆರಾ, ಹೆಜ್ಜೇನು ಮೂರರ ಪ್ರೋಟೀನ್ ಪಟ್ಟಿಯನ್ನೂ ತೆಗೆದುಕೊಂಡು ಒಟ್ಟಿಗೆ ಹಾಕಿ. ಕೆರಾಟಿನ್, ಟ್ರಿಪ್ಸಿನ್ ಇರುವ ಕಲ್ಮಶದ ಪಟ್ಟಿಯೂ ಇರಲಿ. ಬರೀ ಮೆಲ್ಲಿಫೆರಾ ಪಟ್ಟಿ ಕೊಟ್ಟರೆ ಶುದ್ಧ ತುಡುವೆ ಜೇನಿಗೂ ಸಾಫ್ಟ್‌ವೇರ್ ಮೆಲ್ಲಿಫೆರಾ ಎಂದೇ ಹೆಸರು ಕೊಡುತ್ತದೆ, ಬೇರೆ ಹೆಸರು ಅದಕ್ಕೆ ಗೊತ್ತೇ ಇಲ್ಲವಲ್ಲ. ಕೆಲವು ವರದಿಗಳನ್ನು ನೋಡಿದಾಗ ನನಗೆ ಮೊದಲು ಬರುವ ಅನುಮಾನವೇ ಇದು.

ಸೆಟ್ಟಿಂಗ್ ಹೀಗಿರಲಿ: ಎಂಜೈಮ್ ಟ್ರಿಪ್ಸಿನ್, ತಪ್ಪಿದ ಕಡಿತ (ಟ್ರಿಪ್ಸಿನ್ ಕತ್ತರಿಸದೆ ಬಿಟ್ಟ ಜಾಗ) ಎರಡರವರೆಗೆ, ಸಿಸ್ಟೈನ್ ಮೇಲೆ 57.02 ಖಾಯಂ, ಮೆಥಿಯೋನಿನ್ ಮೇಲೆ 15.99 (ಆಮ್ಲಜನಕ ಸೇರಿದರೆ ಹೆಚ್ಚುವ ತೂಕ) ಇರಬಹುದು ಅಥವಾ ಇಲ್ಲದಿರಬಹುದು. ಯಂತ್ರ ಆರ್ಬಿಟ್ರಾಪ್ ಮಾದರಿಯದಾದರೆ ತೂಕದ ಸಡಿಲಿಕೆ 10 ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು). ಎಫ್‌ಡಿಆರ್, ಅಂದರೆ ಒಪ್ಪಿಕೊಂಡ ತಾಳೆಗಳಲ್ಲಿ ತಪ್ಪಿನ ಪ್ರಮಾಣ, ಶೇಕಡ 1. ಸಾಫ್ಟ್‌ವೇರ್ ನಿಮ್ಮ ಪಟ್ಟಿಯನ್ನು ತಿರುಗಾಮುರುಗಾ ಮಾಡಿ ಒಂದು ಸುಳ್ಳು ಪಟ್ಟಿ ತಯಾರಿಸುತ್ತದೆ, ಅದಕ್ಕೆ ಎಷ್ಟು ತಾಳೆಯಾಯಿತು ಎಂಬುದರಿಂದ ತಪ್ಪಿನ ಪ್ರಮಾಣ ಅಂದಾಜು ಮಾಡುತ್ತದೆ.

ಈಗ ನಿಜವಾದ ಕೆಲಸ. ಎಷ್ಟೋ ಮದುವೆ ಕಾಗದಗಳನ್ನು ಹರಿದು ಒಂದೇ ಚೀಲದಲ್ಲಿ ಕಲಸಿ ಕೊಟ್ಟಿದ್ದಾರೆ ಎಂದುಕೊಳ್ಳಿ. ‘ಶುಭ ವಿವಾಹ’ ಎಂದಿರುವ ಚೂರು ಎಷ್ಟು ಸಿಕ್ಕರೂ ಯಾರ ಮನೆಯದು ಗೊತ್ತಾಗುವುದಿಲ್ಲ, ಮನೆಹೆಸರು ಇರುವ ಚೂರು ಒಂದೆರಡು ಸಿಕ್ಕರೂ ಸಾಕು. ಎಂಆರ್‌ಜೆಪಿಗಳು ಒಂದಕ್ಕೊಂದು ಹೋಲುವ ಕುಟುಂಬ, ಜಾತಿ ಜಾತಿಗೂ ಹೋಲಿಕೆ ಇದೆ, ಆದ್ದರಿಂದ ಸಿಗುವ ಬಹಳಷ್ಟು ಪೆಪ್ಟೈಡ್‌ಗಳು ಎಲ್ಲರಲ್ಲೂ ಇರುವಂಥವು. ತುಡುವೆಯಲ್ಲಿ ಮಾತ್ರ ಇರುವ, ಮೆಲ್ಲಿಫೆರಾದಲ್ಲಿ ಮಾತ್ರ ಇರುವ ಪೆಪ್ಟೈಡ್‌ಗಳನ್ನು ಬೇರೆ ಮಾಡಿ. ಕನಿಷ್ಠ ಎರಡು ಅಂಥವು ಇಲ್ಲದೆ ಬಾಯಿ ಬಿಡಬೇಡಿ. ಪ್ರತಿಯೊಂದನ್ನೂ ಬ್ಲಾಸ್ಟ್ ಎಂಬ ಹುಡುಕುವ ಸಾಧನದಲ್ಲಿ ಹಾಕಿ ಇನ್ನೆಲ್ಲೂ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಇಲ್ಲಿ ಎರಡು ಗುಂಡಿಗಳಿವೆ, ಎರಡಕ್ಕೂ ಜನ ಬೀಳುತ್ತಾರೆ. ಲ್ಯೂಸಿನ್, ಐಸೋಲ್ಯೂಸಿನ್ ಎರಡರ ತೂಕ ಒಂದೇ. ಎರಡು ಜಾತಿಗಳ ನಡುವಿನ ವ್ಯತ್ಯಾಸ ಆ ಒಂದು ಜಾಗದಲ್ಲಿ ಮಾತ್ರ ಇದ್ದರೆ ಮಾಮೂಲಿ ರನ್‌ನಲ್ಲಿ ಯಂತ್ರಕ್ಕೆ ಅದು ಕಾಣುವುದೇ ಇಲ್ಲ, ಆ ಪೆಪ್ಟೈಡ್ ಬಿಟ್ಟುಬಿಡಿ. ಇನ್ನೊಂದು ಸ್ವಲ್ಪ ಸೂಕ್ಷ್ಮ. ಹಳೆಯ ಅಥವಾ ಬಿಸಿ ತಾಗಿದ ಜೇನಿನಲ್ಲಿ ಆಸ್ಪರಜಿನ್ ತಾನಾಗಿಯೇ ಆಸ್ಪಾರ್ಟಿಕ್ ಆಮ್ಲವಾಗಿ ತಿರುಗುತ್ತದೆ, ತೂಕ 0.98 ಹೆಚ್ಚುತ್ತದೆ. ಒಂದು ಜಾತಿಯಲ್ಲಿ ಆಸ್ಪರಜಿನ್, ಇನ್ನೊಂದರಲ್ಲಿ ಅದೇ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲ ಇದ್ದರೆ, ಒಂದರ ಹಳೆಯ ಜೇನು ಇನ್ನೊಂದರ ಹಾಗೆ ಕಾಣುತ್ತದೆ. ಪಾಪದ ಜೇನು ಸಾಕಣೆದಾರನ ಮೇಲೆ ಕಲಬೆರಕೆ ಆರೋಪ ಹೊರಿಸುವ ಮೊದಲು ಇದನ್ನು ನೋಡಲೇಬೇಕು.

ಅಂಗಡಿ ಬಾಟಲಿ ಈಗ ತೆಗೆಯಿರಿ

ಖಾತ್ರಿ ಜೇನುಗಳಲ್ಲಿ ಗುರುತು ಪೆಪ್ಟೈಡ್‌ಗಳು ಪ್ರತಿ ಪೆಟ್ಟಿಗೆಯಲ್ಲೂ ಸಿಕ್ಕಿದ ಮೇಲೆ, ನೀವೇ ಬೆರಕೆ ಮಾಡಿ. ತುಡುವೆಗೆ ಮೆಲ್ಲಿಫೆರಾವನ್ನು ಶೇಕಡ 5, 10, 25, 50 ಬೆರೆಸಿ ಅದೇ ದಾರಿಯಲ್ಲಿ ಕಳಿಸಿ. ಎಷ್ಟು ಬೆರಕೆವರೆಗೆ ನಿಮ್ಮ ವಿಧಾನ ಹಿಡಿಯುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಶೇಕಡ 10ಕ್ಕಿಂತ ಕೆಳಗೆ ಕಾಣದಿದ್ದರೆ ವರದಿಯಲ್ಲಿ ಹಾಗೆಯೇ ಬರೆಯಿರಿ. ‘ಪತ್ತೆಯಾಗಲಿಲ್ಲ’ ಎನ್ನುವುದೂ ‘ಇಲ್ಲ’ ಎನ್ನುವುದೂ ಒಂದೇ ಅಲ್ಲ, ಅದರಲ್ಲೂ ಯಂತ್ರ ತನಗೆ ದೊಡ್ಡದಾಗಿ ಕಂಡ ಪೆಪ್ಟೈಡನ್ನೇ ಮೊದಲು ಆರಿಸುವಾಗ. ಕಡಿಮೆ ಪ್ರಮಾಣ ಹಿಡಿಯಬೇಕಾದರೆ ಬೇಕಾದ ಪೆಪ್ಟೈಡ್‌ಗಳ ಪಟ್ಟಿಯನ್ನು ಆಪರೇಟರ್‌ಗೆ ಕೊಟ್ಟು ಅವನ್ನು ಮಾತ್ರ ಅಳೆಸಿ, ಡೇಟಾವನ್ನು ಸ್ಕೈಲೈನ್ ಎಂಬ ಸಾಫ್ಟ್‌ವೇರ್‌ನಲ್ಲಿ ನೋಡಿ. ಅದೂ ಉಚಿತ.

ಸಾಕಣೆದಾರರು ಕೇಳುವ ಪ್ರಶ್ನೆಗಳಿಗೂ ಉತ್ತರ ಇಟ್ಟುಕೊಂಡಿರಿ. ‘ಸಕ್ಕರೆ ಪಾಕ ಬೆರೆಸಿದ್ದಾರಾ ಹೇಳಮ್ಮ’ ಎಂದು ಕೇಳುತ್ತಾರೆ. ಈ ಕೆಲಸದಿಂದ ಅದು ಗೊತ್ತಾಗುವುದಿಲ್ಲ. ಕಬ್ಬು, ಮೆಕ್ಕೆಜೋಳದ ಸಕ್ಕರೆ ಹಿಡಿಯಲು ಇಂಗಾಲದ ಐಸೋಟೋಪ್ ಅಳೆಯುವ ಬೇರೆಯೇ ಮಾಸ್ ಸ್ಪೆಕ್ ಇದೆ. ಅಲ್ಲಿಯೂ ಜೇನಿನ ಪ್ರೋಟೀನನ್ನೇ ಹೋಲಿಕೆಗೆ ಇಟ್ಟುಕೊಳ್ಳುತ್ತಾರೆ. ‘ಇದು ಕೊಡಗಿನದೇ ತಾನೆ?’ ಎಂಬುದಕ್ಕೂ ಉತ್ತರ ಸಿಗುವುದಿಲ್ಲ. ಅದೇ ತುಡುವೆ ವಯನಾಡಿನಲ್ಲೂ ಇದೆ, ಉತ್ತರ ಕನ್ನಡದಲ್ಲೂ ಇದೆ. ಊರು ತಿಳಿಯಬೇಕಾದರೆ ಫ್ರಿಜ್‌ನಲ್ಲಿಟ್ಟ ಪರಾಗವನ್ನು ಮೈಕ್ರೋಸ್ಕೋಪ್ ಬಲ್ಲವರ ಹತ್ತಿರ ತೆಗೆದುಕೊಂಡು ಹೋಗಿ. ಕಾಫಿ ಪರಾಗ ಎಷ್ಟಿದೆ, ಕಾಡು ಮರಗಳದ್ದು ಎಷ್ಟಿದೆ ಎಂದು ಅವರು ಎಣಿಸಿ ಹೇಳುತ್ತಾರೆ.

ಪ್ರಕಟಿಸುವ ಯೋಚನೆ ಇದ್ದರೆ ರಾ ಫೈಲ್‌ಗಳನ್ನು ಪ್ರೈಡ್ ಎಂಬ ಸಾರ್ವಜನಿಕ ಭಂಡಾರಕ್ಕೆ ಮೊದಲೇ ಹಾಕಿ, ಬಹಳಷ್ಟು ಪತ್ರಿಕೆಗಳು ಅದರ ನಂಬರ್ ಕೇಳುತ್ತವೆ. ಉಳಿದ 40 ಗ್ರಾಂ ಜೇನನ್ನು ಕತ್ತಲಲ್ಲಿ, ತಣ್ಣಗೆ, ಬಿಗಿ ಮುಚ್ಚಳದಲ್ಲಿ ಇಡಿ. ವಿಮರ್ಶಕರು ಇನ್ನೊಂದು ಸಲ ಓಡಿಸಿ ಎಂದರೆ ಅದೇ ಪೆಟ್ಟಿಗೆಯ ಅದೇ ವರ್ಷದ ಜೇನು ಬೇರೆಲ್ಲೂ ಸಿಗುವುದಿಲ್ಲ.